ಗ್ರಂಥಾಲಯಗಳನ್ನು ಗೌರವಿಸಿದ ಅಂಚೆಚೀಟಿಗಳು: ನಂದಿ ಸೀಮೆಯ ಸಂಗ್ರಾಹಕರಿಗೆ ಒಂದು ಕೈಪಿಡಿ

ದೇಶವೊಂದು ತನ್ನ ಮಹನೀಯರನ್ನೂ ಸಂಸ್ಥೆಗಳನ್ನೂ ಸ್ಮರಿಸಿಕೊಳ್ಳುವುದಕ್ಕೆ ಕಂಡುಕೊಂಡಿರುವ ಮಾರ್ಗಗಳಲ್ಲಿ ಅತ್ಯಂತ ಅಲ್ಪವ್ಯಯದ್ದೂ ಅತ್ಯಂತ ದೂರ ಸಂಚರಿಸತಕ್ಕದ್ದೂ ಆದ ಮಾರ್ಗವೆಂದರೆ ಸ್ಮಾರಕ ಅಂಚೆಚೀಟಿ. ಪ್ರತಿಮೆಯನ್ನು ನೋಡಬೇಕೆನ್ನುವವನು ಅದು ನಿಂತಿರುವ ವೃತ್ತಕ್ಕೆ ಹೋಗಬೇಕು. ಅಂಚೆಚೀಟಿಯಾದರೋ ಲಕೋಟೆಯ ಮೂಲೆಯಲ್ಲಿ ಕುಳಿತು ತಾನೇ ನಮ್ಮ ಮನೆಯ ಬಾಗಿಲಿಗೆ ಬರುತ್ತದೆ. ನಿತ್ಯಬಳಕೆಯ ಚೀಟಿಗಳನ್ನು ಇಲಾಖೆಯವರು ಬೇಕಾದಾಗಲೆಲ್ಲ ಮತ್ತೆ ಮುದ್ರಿಸುತ್ತಾರೆ. ಸ್ಮಾರಕ ಚೀಟಿಯನ್ನು ಒಂದು ಜಯಂತಿಗೋ ಶತಮಾನೋತ್ಸವಕ್ಕೋ ಒಂದೇ ಸಲ ಅಚ್ಚುಹಾಕಿ ಮುಗಿಸುತ್ತಾರಾದ್ದರಿಂದ, ದೊರೆತ ಕಾಲದಲ್ಲಿ ಅದನ್ನು ಎತ್ತಿಟ್ಟುಕೊಳ್ಳದವನಿಗೆ ಮುಂದೆ ಅದು ಸುಲಭವಾಗಿ ದೊರೆಯಲಾರದು. ನಮ್ಮ ದೇಶದಲ್ಲಿ ಈ ಪದ್ಧತಿ 1931ರಲ್ಲಿ, ಹೊಸದೆಹಲಿಯ ಉದ್ಘಾಟನೆಯ ಸಂದರ್ಭದಲ್ಲಿ ಆರಂಭವಾಯಿತು.

ಪಕ್ಷಿ, ರೈಲು, ಕ್ರೀಡೆ, ದೇವಾಲಯ ಎಂದು ಸಂಗ್ರಾಹಕರು ಆರಿಸಿಕೊಳ್ಳುವ ವಿಷಯಗಳು ಹಲವು. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ವಾಚಕರಿಗೆ ಪ್ರಸ್ತುತ ಲೇಖನವು ಸೂಚಿಸುವ ವಿಷಯ ಗ್ರಂಥಾಲಯ. ಅಲ್ಪ ಖರ್ಚಿನಲ್ಲಿ ಆರಂಭಿಸಬಹುದಾದ ವಿಷಯವಿದು. ಇದರ ಮೊದಲ ಚೀಟಿ ನಮ್ಮ ಸೀಮೆಯಲ್ಲಿಯೇ ಜನಿಸಿದ ಪುರುಷನದು. ಎಲ್ಲಕ್ಕಿಂತ ಮಿಗಿಲಾಗಿ, ಗ್ರಂಥಾಲಯವನ್ನು ವಿಷಯವಾಗಿ ಇಟ್ಟುಕೊಂಡವನು ತನ್ನ ಸಂಗ್ರಹವನ್ನೂ ಗ್ರಂಥಾಲಯದ ಶಿಸ್ತಿನಿಂದಲೇ ನಡೆಸಬೇಕಾಗುತ್ತದೆ. ವಿವರವಿಲ್ಲದ ಸಾವಿರ ಚೀಟಿಗಳಿಗಿಂತ, ಪ್ರತಿಯೊಂದಕ್ಕೂ ವಿವರ ಬರೆದಿಟ್ಟ ಐವತ್ತು ಚೀಟಿಗಳು ಹೆಚ್ಚು ಬೆಲೆಯುಳ್ಳವು ಎಂಬುದೇ ಈ ಕೈಪಿಡಿಯ ಒಟ್ಟು ಅಭಿಪ್ರಾಯ.

ಮೊದಲ ಚೀಟಿ: ಮುದ್ದೇನಹಳ್ಳಿಯ ವಿಶ್ವೇಶ್ವರಯ್ಯನವರು

ನಂದಿಬೆಟ್ಟದ ನೆರೆಯ ಮುದ್ದೇನಹಳ್ಳಿಯಲ್ಲಿ ಹುಟ್ಟಿದ ಮೋಕ್ಷಗುಂಡಂ ವಿಶ್ವೇಶ್ವರಯ್ಯನವರ ಜನ್ಮಶತಾಬ್ದಿಯ ನಿಮಿತ್ತ ಭಾರತದ ಅಂಚೆ ಇಲಾಖೆಯು 1960ರ ಸೆಪ್ಟೆಂಬರ್ 15ರಂದು 15 ನಯಾಪೈಸೆಯ ಚೀಟಿಯೊಂದನ್ನು ಹೊರಡಿಸಿತು. ಅಣೆಕಟ್ಟು, ಕಾರ್ಖಾನೆಗಳ ನಿರ್ಮಾಪಕರೆಂದು ನಾವು ಬಲ್ಲ ಈ ಮಹಾಶಯರನ್ನು ಗ್ರಂಥಾಲಯದ ಸಂಗ್ರಹದಲ್ಲಿ ಮೊದಲನೆಯವರನ್ನಾಗಿ ಕೂರಿಸುವುದೇಕೆಂದು ಯಾರಾದರೂ ಕೇಳಬಹುದು. 1912ರಿಂದ 1918ರವರೆಗೆ ಮೈಸೂರು ಸಂಸ್ಥಾನದ ದಿವಾನರಾಗಿದ್ದ ಕಾಲದಲ್ಲಿ ಬೆಂಗಳೂರು ಮತ್ತು ಮೈಸೂರು ನಗರಗಳಲ್ಲಿ ಸಾರ್ವಜನಿಕ ಗ್ರಂಥಾಲಯಗಳು ತಲೆಯೆತ್ತುವಂತೆ ಮಾಡಿದವರು ಅವರೇ. ಕಬ್ಬನ್ ಉದ್ಯಾನದೊಳಗೆ ಶೇಷಾದ್ರಿ ಅಯ್ಯರ್ ಸ್ಮಾರಕ ಭವನದ ಕೆಂಪು ಗೋಡೆಗಳ ನಡುವೆ ಇಂದು ರಾಜ್ಯ ಕೇಂದ್ರ ಗ್ರಂಥಾಲಯವೆಂದು ನಡೆಯುತ್ತಿರುವ ಸಂಸ್ಥೆಯ ಮೂಲ ಆ ಕಾಲದ್ದು. 1915ರ ಕನ್ನಡ ಸಾಹಿತ್ಯ ಪರಿಷತ್ತೂ 1916ರ ಮೈಸೂರು ವಿಶ್ವವಿದ್ಯಾನಿಲಯವೂ ಅದೇ ಅವಧಿಯ ಫಲಗಳೆಂಬುದನ್ನು ನೆನೆದರೆ, ಓದುವ ಜನರಿಲ್ಲದೆ ಕೈಗಾರಿಕೆಯೂ ನಿಲ್ಲದೆಂಬ ಅವರ ನಂಬಿಕೆ ಎಷ್ಟು ಗಾಢವಾಗಿತ್ತೆಂಬುದು ವ್ಯಕ್ತವಾಗುತ್ತದೆ.

ಈ ಚೀಟಿಯನ್ನು ಭೂತಗನ್ನಡಿಯ ಕೆಳಗಿಟ್ಟು ಓದುವುದು ಒಳ್ಳೆಯ ಅಭ್ಯಾಸ. ಬೆಲೆ ನಯಾಪೈಸೆಯಲ್ಲಿದೆಯೆಂಬ ಒಂದೇ ಅಂಶದಿಂದ, ದಿನಾಂಕ ತಿಳಿಯದವನೂ ಇದು 1957ರ ಏಪ್ರಿಲ್‌ಗೆ ಈಚಿನದು, 1964ರ ಜೂನ್‌ಗೆ ಹಿಂದಿನದು ಎಂದು ಊಹಿಸಬಲ್ಲನು; ದಶಮಾಂಶ ನಾಣ್ಯಪದ್ಧತಿ ಜಾರಿಗೆ ಬಂದ ಮೇಲೆ ಅಷ್ಟು ಕಾಲ ಮಾತ್ರವೇ ಪೈಸೆಗೆ ಆ ವಿಶೇಷಣ ಅಂಟಿಕೊಂಡಿದ್ದುದು. ಇನ್ನು ಸಂದರ್ಭದ ವಿಚಾರ. ವಿಶ್ವೇಶ್ವರಯ್ಯನವರ ಜನ್ಮವರ್ಷವನ್ನು ಕೆಲವು ಪುಸ್ತಕಗಳು 1860 ಎಂದೂ ಕೆಲವು 1861 ಎಂದೂ ಕೊಡುತ್ತವೆ; 1960ರಲ್ಲಿ ಶತಾಬ್ದಿಯನ್ನು ಆಚರಿಸಿದ ಈ ಚೀಟಿಯು ಮೊದಲನೆಯ ಗಣನೆಯ ಪಕ್ಷದಲ್ಲಿ ನಿಲ್ಲುವ ಸರ್ಕಾರೀ ಸಾಕ್ಷ್ಯ. ಮೂರನೆಯದಾಗಿ, 1962ರ ಏಪ್ರಿಲ್‌ನಲ್ಲಿ ದಿವಂಗತರಾದ ಅವರು ಈ ಚೀಟಿ ಹೊರಟಾಗ ಜೀವಂತರಾಗಿದ್ದರು. ಬದುಕಿರುವಾಗಲೇ ಅಂಚೆಚೀಟಿಯ ಗೌರವ ಪಡೆದ ಭಾರತೀಯರು ಬಹಳ ವಿರಳ; ಉದಾಹರಣೆಗೆ, ಅವರಿಗೆ ಮುಂಚೆ 1958ರಲ್ಲಿ ಧೋಂಡೊ ಕೇಶವ ಕರ್ವೆ, ಅನಂತರ 1980ರಲ್ಲಿ ಮದರ್ ತೆರೇಸಾ, 2013ರಲ್ಲಿ ಸಚಿನ್ ತೆಂಡೂಲ್ಕರ್. ಹೀಗೆ ಒಂದಂಗುಲದ ಕಾಗದದಿಂದ ನಾಣ್ಯದ ಇತಿಹಾಸ, ಜೀವನಚರಿತ್ರೆಯ ಒಂದು ಸಂದೇಹ, ರಾಷ್ಟ್ರಗೌರವದ ಒಂದು ಸಂಪ್ರದಾಯ ಮೂರೂ ಹೊರಬರುತ್ತವೆ.

ವಿಷಯವನ್ನು ವಿಸ್ತರಿಸುವ ಬಗೆ

ಎರಡನೆಯ ಚೀಟಿಯಾಗಿ ಶಿಯಾಳಿ ರಾಮಾಮೃತ ರಂಗನಾಥನ್ ಅವರದನ್ನು ಇಡತಕ್ಕದ್ದು. ಭಾರತದಲ್ಲಿ ಗ್ರಂಥಾಲಯಶಾಸ್ತ್ರದ ಪಿತಾಮಹರೆನಿಸಿದ ಇವರ ಜನ್ಮಶತಾಬ್ದಿಯ ವರ್ಷವಾದ 1992ರಲ್ಲಿ ಅಂಚೆ ಇಲಾಖೆಯು ಅವರನ್ನು ಸ್ಮರಿಸಿತು. ತಮಿಳುನಾಡಿನಲ್ಲಿ ಹುಟ್ಟಿದರೂ ಅವರ ಬಾಳಿನ ಕಡೆಯ ಘಟ್ಟ ಬೆಂಗಳೂರಿನದು. 1962ರಲ್ಲಿ ಅಲ್ಲಿ ಗ್ರಂಥಾಲಯಶಾಸ್ತ್ರದ ಸಂಶೋಧನೆ ಮತ್ತು ತರಬೇತಿಯ ಕೇಂದ್ರವನ್ನು ಸ್ಥಾಪಿಸಿ, 1972ರ ಸೆಪ್ಟೆಂಬರ್ 27ರಂದು ಅಲ್ಲಿಯೇ ಕಾಲವಾದರು. ನಮ್ಮ ಆಸ್ತಿತೆರಿಗೆಯ ರಸೀತಿಯಲ್ಲಿ ಗ್ರಂಥಾಲಯ ಕರವೆಂದು ಕಾಣಿಸುವ ಸಣ್ಣ ಮೊತ್ತದ ಹಿಂದೆ ಇರುವ 1965ರ ಸಾರ್ವಜನಿಕ ಗ್ರಂಥಾಲಯಗಳ ಕಾನೂನಿನ ರೂಪರೇಖೆಯಲ್ಲಿಯೂ ಅವರ ಚಿಂತನೆಯ ಮುದ್ರೆ ಇದೆ.

ವ್ಯಕ್ತಿಗಳಾದ ಮೇಲೆ ಸಂಸ್ಥೆಗಳು. ಕಲ್ಕತ್ತೆಯ ಏಷ್ಯಾಟಿಕ್ ಸೊಸೈಟಿಯ ದ್ವಿಶತಮಾನೋತ್ಸವಕ್ಕಾಗಿ 1984ರಲ್ಲಿಯೂ, ರಾಂಪುರದ ರಜಾ ಗ್ರಂಥಾಲಯಕ್ಕಾಗಿ 2009ರಲ್ಲಿಯೂ ಭಾರತವು ಚೀಟಿಗಳನ್ನು ಹೊರಡಿಸಿದೆ. ಪುಸ್ತಕಗಳಿಗೆ ಗ್ರಂಥಾಲಯವಿರುವಂತೆ ಸರ್ಕಾರೀ ದಾಖಲೆಗಳಿಗಿರುವ ಆಲಯವೇ ರಾಷ್ಟ್ರೀಯ ಪತ್ರಾಗಾರ. ಅದರ ಚೀಟಿಯೂ ಈ ಪುಟಕ್ಕೆ ಸಲ್ಲುತ್ತದೆ. ರಾಷ್ಟ್ರೀಯ ಗ್ರಂಥಾಲಯವೊಂದನ್ನು ಚೀಟಿಯ ಮೇಲೆ ಹೇಗೆ ಚಿತ್ರಿಸಬಹುದೆಂಬುದನ್ನು ನೋಡಬೇಕಾದರೆ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್‌ನ ಎರಡು ಚೀಟಿಗಳನ್ನು ಪಕ್ಕಪಕ್ಕದಲ್ಲಿಡಬೇಕು. 1982ರ 20 ಸೆಂಟಿನ ಚೀಟಿಯಲ್ಲಿ ಕಟ್ಟಡವನ್ನು ಹೊರಗಿನಿಂದ ಕಾಣುತ್ತೇವೆ. ದ್ವಿಶತಮಾನೋತ್ಸವದ 2000ದ ಇಸವಿಯ 33 ಸೆಂಟಿನ ಚೀಟಿಯಲ್ಲಿ ವಾಚನಾಲಯದ ಒಳಗೆ ನಿಂತು ಗುಮ್ಮಟವನ್ನೂ ಕಮಾನು ಕಿಟಕಿಗಳನ್ನೂ ತಲೆಯೆತ್ತಿ ನೋಡುತ್ತೇವೆ. ಒಂದು ಸಂಸ್ಥೆಯ ಘನತೆಯನ್ನು ದಾರಿಹೋಕನ ಕಣ್ಣಿನಿಂದಲೂ ಓದುಗನ ಕಣ್ಣಿನಿಂದಲೂ ತೋರಿಸಿರುವ ಈ ಜೋಡಿಗೆ ಆಲ್ಬಮ್ಮಿನಲ್ಲಿ ಒಂದು ಪುಟವನ್ನು ಪೂರ್ತಿಯಾಗಿ ಮೀಸಲಿಟ್ಟರೂ ತಪ್ಪಲ್ಲ.

ನಮ್ಮ ದೇಶದ ರಾಷ್ಟ್ರೀಯ ಗ್ರಂಥಾಲಯದ ವೃತ್ತಾಂತವನ್ನು ಈ ಪುಟದ ಎದುರಿಗೆ ಬರೆದಿಡುವುದು ಯುಕ್ತ. 1836ರ ಕಲ್ಕತ್ತಾ ಸಾರ್ವಜನಿಕ ಗ್ರಂಥಾಲಯವೂ ಸರ್ಕಾರದ ಇಂಪೀರಿಯಲ್ ಗ್ರಂಥಾಲಯವೂ ಒಂದುಗೂಡಿ 1903ರಲ್ಲಿ ಕರ್ಜನ್ ಪ್ರಭುವಿನ ಕಾಲದಲ್ಲಿ ಸಾರ್ವಜನಿಕರಿಗೆ ತೆರೆದವು. ಸ್ವಾತಂತ್ರ್ಯಾನಂತರ ರಾಷ್ಟ್ರೀಯ ಗ್ರಂಥಾಲಯವೆಂಬ ಹೆಸರು ಪಡೆದ ಆ ಸಂಸ್ಥೆಯನ್ನು 1953ರ ಫೆಬ್ರವರಿ 1ರಂದು ಮೌಲಾನಾ ಆಜಾದ್ ಅವರು ಬೆಲ್ವೆಡಿಯರ್ ಭವನದಲ್ಲಿ ಉದ್ಘಾಟಿಸಿದರು. 1954ರ ಕಾನೂನಿನ ಪ್ರಕಾರ ದೇಶದ ಪ್ರತಿಯೊಬ್ಬ ಪ್ರಕಾಶಕನೂ ತನ್ನ ಪುಸ್ತಕದ ಒಂದು ಪ್ರತಿಯನ್ನು ಅಲ್ಲಿಗೆ ಕಳುಹಿಸತಕ್ಕದ್ದು. ಚೆನ್ನೈನ ಕನ್ನೆಮರಾ ಗ್ರಂಥಾಲಯ, ಮುಂಬಯಿಯ ಏಷ್ಯಾಟಿಕ್ ಸೊಸೈಟಿ, ದೆಹಲಿಯ ಸಾರ್ವಜನಿಕ ಗ್ರಂಥಾಲಯಗಳಿಗೂ ಒಂದೊಂದು ಪ್ರತಿ ಸಲ್ಲಬೇಕು. ಚಿಂತಾಮಣಿಯಲ್ಲಿ ಪ್ರಕಟವಾದ ಕನ್ನಡ ಪುಸ್ತಕವೂ ಈ ನಿಯಮಕ್ಕೆ ಹೊರತಲ್ಲ.

ಹತ್ತಿರದ ಸಾಹಿತ್ಯಪುರುಷರನ್ನು ಸೇರಿಸಬೇಕೆನ್ನುವವರು ಅವಿಭಜಿತ ಕೋಲಾರ ಜಿಲ್ಲೆಯ ಮುಳಬಾಗಿಲಿನಲ್ಲಿ ಜನಿಸಿದ ಡಿ.ವಿ. ಗುಂಡಪ್ಪನವರ 1988ರ ಚೀಟಿಯನ್ನು ಹುಡುಕಬಹುದು.

ಚೀಟಿಗಳನ್ನು ಎಲ್ಲಿ ಪಡೆಯುವುದು?

ಹೊಸ ಚೀಟಿಗಳನ್ನು ಪಡೆಯುವುದಕ್ಕೆ ನೇರವಾದ ದಾರಿ ಬೆಂಗಳೂರಿನ ಪ್ರಧಾನ ಅಂಚೆ ಕಛೇರಿ, ಎಂದರೆ ರಾಜಭವನ ರಸ್ತೆಯ ಜಿಪಿಓ. ಅಲ್ಲಿನ ಫಿಲಾಟೆಲಿ (ಅಂಚೆಚೀಟಿ ಸಂಗ್ರಹ) ವಿಭಾಗದಲ್ಲಿ ಕನಿಷ್ಠ 200 ರೂಪಾಯಿಗಳ ಠೇವಣಿಯಿಟ್ಟು ಖಾತೆಯೊಂದನ್ನು ತೆರೆಯಬಹುದು; ತನಗೆ ಬೇಕಾದುದು ಬಿಡಿ ಚೀಟಿಯೋ, ಹಾಳೆಯೋ, ಪ್ರಥಮ ದಿನದ ಲಕೋಟೆಯೋ ಎಂಬುದನ್ನು ಖಾತೆದಾರನು ಒಮ್ಮೆ ಬರೆದುಕೊಟ್ಟರೆ, ಹೊಸದಾಗಿ ಬಿಡುಗಡೆಯಾದವು ಆತನ ವಿಳಾಸಕ್ಕೇ ಬರುತ್ತವೆ. ಬೆಟ್ಟದ ಕೆಳಗಿನ ಹಳ್ಳಿಯಲ್ಲಿದ್ದುಕೊಂಡು ಪ್ರತಿ ಬಿಡುಗಡೆಗೂ ಬೆಂಗಳೂರಿಗೆ ಬಸ್ಸು ಹತ್ತಬೇಕಾದ ತೊಂದರೆ ಇದರಿಂದ ತಪ್ಪುತ್ತದೆ. ಸಮೀಪದ ಅಂಚೆ ಕಛೇರಿಯ ಪೋಸ್ಟ್‌ಮಾಸ್ಟರರನ್ನು ವಿಚಾರಿಸುವುದನ್ನೂ ಬಿಡಬಾರದು. ಕೆಲವು ಸಲ ಸ್ಮಾರಕ ಚೀಟಿಗಳು ಅಲ್ಲಿಯ ಗಲ್ಲಾಪೆಟ್ಟಿಗೆಯಲ್ಲಿಯೂ ಇರುತ್ತವೆ.

ಚೀಟಿಯೊಡನೆ ಇಲಾಖೆಯು ಮುದ್ರಿಸುವ ಮಾಹಿತಿಪತ್ರವನ್ನು ತಪ್ಪದೆ ಕೇಳಿ ಪಡೆಯಬೇಕು. ಹೊಸಬರು ಬಣ್ಣದ ಚೀಟಿಯನ್ನು ಕೊಂಡು ಈ ಪತ್ರವನ್ನು ಉದಾಸೀನ ಮಾಡುವುದುಂಟು. ಬಿಡುಗಡೆಯ ದಿನ, ಮುದ್ರಿಸಿದ ಸಂಖ್ಯೆ, ಮುದ್ರಣಾಲಯ, ಮುದ್ರಣದ ವಿಧಾನ, ವಿಷಯದ ಸಂಕ್ಷಿಪ್ತ ಪರಿಚಯ ಇವೆಲ್ಲವನ್ನೂ ಅಧಿಕೃತವಾಗಿ ತಿಳಿಸುವ ದಾಖಲೆ ಅದೊಂದೇ ಆದ್ದರಿಂದ, ಅದಿಲ್ಲದ ಸಂಗ್ರಹ ಅಪೂರ್ಣವೆಂದೇ ಹೇಳಬೇಕು.

ಹಳೆಯ ಚೀಟಿಗಳಿಗೆ ಎರಡು ಮೂಲಗಳಿವೆ. ವ್ಯಾಪಾರಿಗಳೂ ಸಂಗ್ರಾಹಕರ ಪ್ರದರ್ಶನಗಳೂ ಒಂದು. ಮನೆಯ ಅಟ್ಟದ ಮೇಲಿನ ಟ್ರಂಕು ಇನ್ನೊಂದು. ಅರುವತ್ತರ ದಶಕದ ಮದುವೆಯ ಕರೆಯೋಲೆ, ದಾವೆಯ ಕಾಗದ, ಮುಂಬಯಿಗೆ ಹೋದ ಚಿಕ್ಕಪ್ಪನು ಬರೆದ ಪತ್ರ ಇವುಗಳ ಲಕೋಟೆಗಳನ್ನು ಪರೀಕ್ಷಿಸದೆ ಒಲೆಗೆ ಹಾಕಬಾರದು. ವ್ಯಾಪಾರಿಯಿಂದ ಕೊಳ್ಳುವಾಗ ಚೀಟಿಯನ್ನು ಹಿಂದುಮುಂದಾಗಿ ನೋಡಿ: ಅಂಚಿನ ಹಲ್ಲುಗಳು ಎಲ್ಲ ಕಡೆಯೂ ಪೂರ್ಣವಾಗಿವೆಯೆ, ಬೆನ್ನಿನ ಕಾಗದ ಎಲ್ಲಿಯಾದರೂ ತೆಳುವಾಗಿದೆಯೆ, ಮಡಿಕೆಯ ಗೆರೆಯಿದೆಯೆ, ಮೊಹರು ಮುಖವನ್ನೆಲ್ಲ ಮಸಿಗೊಳಿಸಿದೆಯೆ ಎಂಬ ನಾಲ್ಕು ಪ್ರಶ್ನೆಗಳಿಗೆ ಉತ್ತರ ದೊರೆತ ಮೇಲೆಯೇ ಬೆಲೆಯ ಮಾತು. ಲಾಭದ ಆಸೆಯಿಂದ ಈ ಹವ್ಯಾಸಕ್ಕೆ ಕೈಹಾಕುವುದು ವಿಹಿತವಲ್ಲ. ಸ್ವತಂತ್ರ ಭಾರತದ ಸ್ಮಾರಕ ಚೀಟಿಗಳಲ್ಲಿ ಬಹುಪಾಲು ಹೇರಳವಾಗಿ ಮುದ್ರಿತವಾದವು.

ಲಕೋಟೆಯಿಂದ ಬಿಡಿಸುವ ಕ್ರಮ

ಮೊದಲಿಗೆ, ಬಿಡಿಸಬೇಕೆ ಬೇಡವೆ ಎಂಬುದನ್ನು ನಿಶ್ಚಯಿಸಬೇಕು. ಮೊಹರಿನಲ್ಲಿ ಊರಿನ ಹೆಸರೂ ದಿನಾಂಕವೂ ಸ್ಫುಟವಾಗಿದ್ದು, ಲಕೋಟೆ ಮುಕ್ಕಾಗದೆ ಉಳಿದಿದ್ದರೆ ಅದನ್ನು ಹಾಗೆಯೇ ಇಡತಕ್ಕದ್ದು. ಚಿಕ್ಕಬಳ್ಳಾಪುರವೆಂದೋ ಶಿಡ್ಲಘಟ್ಟವೆಂದೋ ಮೊಹರು ಬಿದ್ದಿರುವ 1960ರ ಲಕೋಟೆಯೊಂದು ಕೈಗೆ ಸಿಕ್ಕಿದರೆ, ಅದರ ಮೇಲಿನ ಚೀಟಿಯನ್ನು ಕತ್ತರಿಸುವುದೆಂದರೆ ಸ್ಥಳೀಯ ಇತಿಹಾಸದ ದಾಖಲೆಯೊಂದನ್ನು ಕೆಡಿಸಿದಂತೆ.

ಬಿಡಿಸುವುದೇ ಸರಿಯೆಂದು ತೋರಿದರೆ, ಚೀಟಿಯ ಸುತ್ತ ಬೆರಳಗಲ ಕಾಗದ ಬಿಟ್ಟು ಕತ್ತರಿಸಿಕೊಳ್ಳಿ. ಅಗಲವಾದ ತಟ್ಟೆಯಲ್ಲಿ ತಣ್ಣೀರು ಹಾಕಿ, ಮುಖ ಮೇಲಾಗಿ ತೇಲಬಿಡಿ. ಕಾಲು ಗಂಟೆಯಿಂದ ಇಪ್ಪತ್ತು ನಿಮಿಷಗಳೊಳಗೆ ಅಂಟು ಕರಗಿ ಚೀಟಿ ತಾನಾಗಿಯೇ ಜಾರುತ್ತದೆ. ಜಾರದಿದ್ದರೆ ಇನ್ನಷ್ಟು ಕಾಯಬೇಕೇ ಹೊರತು ಉಗುರಿನಿಂದ ಎಬ್ಬಿಸಬಾರದು. ಬಣ್ಣದ ಲಕೋಟೆಯ ತುಂಡುಗಳನ್ನು ಬೇರೆ ತಟ್ಟೆಯಲ್ಲಿಡಿ. ಕೆಂಪು ಕಾಗದ ಬಣ್ಣ ಬಿಟ್ಟರೆ ಜೊತೆಯವೆಲ್ಲ ಕೆಡುತ್ತವೆ. ಬಿಡಿಸಿದ ಚೀಟಿಯನ್ನು ಶುದ್ಧ ನೀರಿನಲ್ಲಿ ಒಮ್ಮೆ ಅದ್ದಿ, ಮುಖ ಕೆಳಗಾಗಿ ಒತ್ತುಕಾಗದದ ಮೇಲೆ ನೆರಳಿನಲ್ಲಿ ಒಣಗಿಸಿ, ಆಮೇಲೆ ದಪ್ಪ ಪುಸ್ತಕದ ನಡುವೆ ಒಂದು ದಿನ ಇಟ್ಟರೆ ಸುರುಟು ಹೋಗುತ್ತದೆ. ಅಚ್ಚಾದ ವೃತ್ತಪತ್ರಿಕೆಯ ಮೇಲೆ ಒಣಗಿಸುವುದು ಸಲ್ಲದು. ಅದರ ಮಸಿ ಹತ್ತುತ್ತದೆ. ತಾನೇ ಅಂಟಿಕೊಳ್ಳುವ ಈಚಿನ ಚೀಟಿಗಳಲ್ಲಿ ಹಲವು ನೀರಿಗೆ ಬಿಡುವುದಿಲ್ಲವಾದ್ದರಿಂದ ಅವನ್ನು ಕಾಗದಸಮೇತ ಅಂದವಾಗಿ ಕತ್ತರಿಸಿ ಇಡುವುದೇ ಲೇಸು.

ಕಾಪಾಡುವ ಕ್ರಮ

ಬೇಕಾಗುವ ಸಲಕರಣೆ ಸ್ವಲ್ಪವೇ: ತುದಿ ಚಪ್ಪಟೆಯಾದ ಚಿಮಟ, ಭೂತಗನ್ನಡಿ, ಪಾರದರ್ಶಕ ಪಟ್ಟಿಗಳುಳ್ಳ ಸ್ಟಾಕ್ ಬುಕ್ಕು. ಬೆರಳಿನ ಬೆವರೂ ಎಣ್ಣೆಯೂ ಕಾಲಕ್ರಮದಲ್ಲಿ ಕಲೆಯಾಗುವುದರಿಂದ ಚೀಟಿಯನ್ನು ಚಿಮಟದಿಂದಲೇ ಎತ್ತಬೇಕು. ಗೋಂದಾಗಲಿ ಅಂಟುಪಟ್ಟಿಯಾಗಲಿ ಎಂದಿಗೂ ಬಳಸಬಾರದು. ಬಳಸದ ಚೀಟಿಯ ಬೆನ್ನಿನ ಅಂಟು ಮೂಲಸ್ಥಿತಿಯಲ್ಲಿರುವುದೇ ಅದರ ಗುಣವಾದ್ದರಿಂದ, ಅದಕ್ಕೆ ಹಿಂಜು (ಚೀಟಿಯನ್ನು ಪುಟಕ್ಕೆ ಹತ್ತಿಸುವ ಸಣ್ಣ ಅಂಟುಕಾಗದ) ಸಹ ತಾಗಿಸದೆ ಪಾರದರ್ಶಕ ಕವಚದೊಳಗೆ ಇಡತಕ್ಕದ್ದು.

ನಮ್ಮ ಸೀಮೆಯ ಹವೆ ಬಹುಮಟ್ಟಿಗೆ ಒಣಹವೆಯಾಗಿರುವುದು ಸಂಗ್ರಾಹಕನ ಭಾಗ್ಯ. ಆದರೆ 1478 ಮೀಟರ್ ಎತ್ತರದ ನಂದಿಬೆಟ್ಟವೂ ಅದರ ಸುತ್ತಿನ ಊರುಗಳೂ ಮಳೆಗಾಲದಲ್ಲಿ ಮಂಜನ್ನು ಹೊದ್ದಿರುವ ದಿನಗಳಲ್ಲಿ ಆಲ್ಬಮ್ಮನ್ನು ತೆರೆದಿಡಬಾರದು. ಪುಸ್ತಕವನ್ನು ಮಲಗಿಸಿ ಮೇಲೆ ಭಾರ ಹೇರಿದರೆ ತೇವದ ಕಾಲದಲ್ಲಿ ಅಂಟು ಪುಟಕ್ಕೆ ಹತ್ತಿಕೊಳ್ಳುತ್ತದೆ; ನೆಟ್ಟಗೆ ನಿಲ್ಲಿಸಿ, ಗೋಡೆಗೆ ತಾಗದ ಬೀರುವಿನಲ್ಲಿ ಸಿಲಿಕಾ ಜೆಲ್ಲಿನ ಪೊಟ್ಟಣದೊಡನೆ ಇರಿಸಿ. ಮಳೆ ನಿಂತ ಮೇಲೆ ಒಂದು ಒಣದಿನ ಪ್ರತಿ ಪುಟವನ್ನೂ ತಿರುವಿ ಗಾಳಿಯಾಡಿಸುವುದು ಒಳ್ಳೆಯದು. ನೇರ ಬಿಸಿಲು ಮಾತ್ರ ಬೇಡ, ಬಣ್ಣ ಮಾಸುತ್ತದೆ.

ವಿವರಪಟ್ಟಿ: ಸಂಗ್ರಹದ ಪ್ರಾಣ

ಇಷ್ಟಾದ ಮೇಲೆ ಮುಖ್ಯ ಕಾರ್ಯಕ್ಕೆ ಬರುತ್ತೇವೆ. ಗ್ರಂಥಾಲಯದಲ್ಲಿ ಪುಸ್ತಕಕ್ಕೊಂದು ಕಾರ್ಡು ಇರುವ ಹಾಗೆಯೇ ಪ್ರತಿ ಚೀಟಿಗೂ ಒಂದು ಕಾರ್ಡು ಬರೆಯಬೇಕು. ಮಾದರಿಗೆ:

ಕ್ರಮಾಂಕ: 1
ವಿಷಯ: ಡಾ. ಎಂ. ವಿಶ್ವೇಶ್ವರಯ್ಯ
ದೇಶ: ಭಾರತ
ಬಿಡುಗಡೆ: 15-9-1960, ಜನ್ಮಶತಾಬ್ದಿ
ಬೆಲೆ: 15 ನಯಾಪೈಸೆ
ಸ್ಥಿತಿ: ಬಳಸಿದ್ದು, ಹಲ್ಲುಗಳು ಪೂರ್ಣ, ಮೊಹರು ಬಲಮೂಲೆಯಲ್ಲಿ
ದೊರೆತ ಬಗೆ: ಮನೆಯ ಹಳೆಯ ಪತ್ರಗಳಿಂದ
ಗ್ರಂಥಾಲಯ ಸಂಬಂಧ: ದಿವಾನಗಿರಿಯ ಕಾಲದಲ್ಲಿ ಬೆಂಗಳೂರು, ಮೈಸೂರುಗಳ ಸಾರ್ವಜನಿಕ ಗ್ರಂಥಾಲಯಗಳ ಆರಂಭ
ನೋಡಿ: ಮುದ್ದೇನಹಳ್ಳಿಯ ಸ್ಮಾರಕ ವಸ್ತುಸಂಗ್ರಹಾಲಯ

ಕಡೆಯ ಎರಡು ಸಾಲುಗಳನ್ನು ಬಿಡಬೇಡಿ. ಚೀಟಿಯು ಈ ಸಂಗ್ರಹಕ್ಕೆ ಏಕೆ ಸೇರಿತೆಂಬುದನ್ನೂ, ಅದನ್ನು ನೋಡಿದವನು ಮುಂದೆ ಎಲ್ಲಿಗೆ ಹೋಗಿ ಹೆಚ್ಚು ತಿಳಿಯಬಹುದೆಂಬುದನ್ನೂ ಹೇಳುವ ಸಾಲುಗಳು ಅವೇ. ಕಾರ್ಡುಗಳನ್ನು ವ್ಯಕ್ತಿ, ಸಂಸ್ಥೆ, ಕಟ್ಟಡ, ಗ್ರಂಥ ಎಂಬ ನಾಲ್ಕು ವಿಭಾಗಗಳಲ್ಲಿ ಜೋಡಿಸಿಕೊಂಡರೆ ಆರಂಭಕ್ಕೆ ಸಾಕು; ಚೀಟಿಗಳು ಹೆಚ್ಚಿದಂತೆ ವಿಭಾಗಗಳೂ ತಾವಾಗಿಯೇ ಒಡೆದುಕೊಳ್ಳುತ್ತವೆ.

ವಿದ್ಯಾರ್ಥಿಗಳಿಗೆ ದೊರೆಯುವ ನೆರವು

ಆರರಿಂದ ಒಂಬತ್ತನೆಯ ತರಗತಿಯವರೆಗಿನ ವಿದ್ಯಾರ್ಥಿಗಳಿಗಾಗಿ ಅಂಚೆ ಇಲಾಖೆಯು 2017ರಲ್ಲಿ ದೀನ್ ದಯಾಳ್ ಸ್ಪರ್ಶ್ ಯೋಜನೆಯನ್ನು ಆರಂಭಿಸಿತು. ಓದಿನಲ್ಲಿ ಒಳ್ಳೆಯ ಅಂಕಗಳನ್ನು ಪಡೆದು, ಶಾಲೆಯ ಫಿಲಾಟೆಲಿ ಸಂಘದ ಸದಸ್ಯತ್ವವನ್ನೋ ಸ್ವಂತ ಠೇವಣಿ ಖಾತೆಯನ್ನೋ ಹೊಂದಿರುವ ಮಕ್ಕಳು ಇದಕ್ಕೆ ಅರ್ಹರು. ರಸಪ್ರಶ್ನೆ ಮತ್ತು ಕಿರುಯೋಜನೆಗಳ ಮೂಲಕ ಆಯ್ಕೆಯಾದವರಿಗೆ ವರ್ಷಕ್ಕೆ 6000 ರೂಪಾಯಿ ವಿದ್ಯಾರ್ಥಿವೇತನವಿದೆ. ಮೇಲೆ ಹೇಳಿದ ಕಾರ್ಡುಗಳನ್ನು ಶ್ರದ್ಧೆಯಿಂದ ಬರೆದ ಹುಡುಗ ಅಥವಾ ಹುಡುಗಿಗೆ ಕಿರುಯೋಜನೆಯ ಅರ್ಧ ಭಾಗ ಆಗಲೇ ಸಿದ್ಧವಾದಂತೆ. ಉಪಾಧ್ಯಾಯರು ಶಾಲೆಯಲ್ಲಿ ಸಂಘವೊಂದನ್ನು ಸ್ಥಾಪಿಸಿ, ಅರ್ಜಿಯ ಕಾಲವನ್ನು ಮುಖ್ಯ ಅಂಚೆ ಕಛೇರಿಯಲ್ಲಿ ವಿಚಾರಿಸಿಕೊಳ್ಳುವುದು ಉಚಿತ.

ಹೊಸ ಚೀಟಿಗೆ ಮನವಿ

ತಮ್ಮ ಊರಿನ ಗ್ರಂಥಾಲಯಕ್ಕೂ ಒಂದು ಗೌರವ ದೊರೆಯಬೇಕೆಂದು ಬಯಸುವವರಿಗೆ ಮೂರು ದಾರಿಗಳಿವೆ. ಅವುಗಳ ತಾರತಮ್ಯವನ್ನು ತಿಳಿದಿರಬೇಕು. ರಾಷ್ಟ್ರದ ಸ್ಮಾರಕ ಚೀಟಿಯ ಪ್ರಸ್ತಾಪವನ್ನು ದೆಹಲಿಯ ಡಾಕ್ ಭವನದ ಫಿಲಾಟೆಲಿ ವಿಭಾಗಕ್ಕೆ ಕಳುಹಿಸಬೇಕು. ಸಲಹಾ ಸಮಿತಿಯೊಂದು ಅದನ್ನು ಪರಿಶೀಲಿಸುತ್ತದೆ. ಸಂಸ್ಥೆಯ ಮಹತ್ತ್ವವು ರಾಷ್ಟ್ರಮಟ್ಟದ್ದಾಗಿರಬೇಕು, ಶತಮಾನೋತ್ಸವದಂತಹ ಗಣನೀಯ ಸಂದರ್ಭವಿರಬೇಕು, ಸ್ಥಾಪನೆಯ ದಿನಾಂಕಕ್ಕೆ ದಾಖಲೆಯಿರಬೇಕು, ಮನವಿ ಎರಡು ವರ್ಷಗಳಷ್ಟಾದರೂ ಮುಂಚಿತವಾಗಿ ಹೋಗಬೇಕು. ದೃಷ್ಟಾಂತಕ್ಕೆ, ಆರ್. ಶಾಮಶಾಸ್ತ್ರಿಗಳು ಕೌಟಿಲ್ಯನ ಅರ್ಥಶಾಸ್ತ್ರದ ಹಸ್ತಪ್ರತಿಯನ್ನು ಗುರುತಿಸಿ 1909ರಲ್ಲಿ ಪ್ರಕಟಿಸಿದ ಮೈಸೂರಿನ ಓರಿಯಂಟಲ್ ಲೈಬ್ರರಿ 1891ರದು. ಅದರ 150ನೆಯ ವರ್ಷ 2041ರಲ್ಲಿ ಬರುವುದರಿಂದ, ಈ ದಾರಿಯನ್ನು ಹಿಡಿಯುವವರು 2038ರಲ್ಲಿಯೇ ಕಾಗದಪತ್ರಗಳನ್ನು ಜೋಡಿಸತೊಡಗಬೇಕು.

ಎರಡನೆಯದು ವಿಶೇಷ ಲಕೋಟೆ. ಸ್ಥಳೀಯ ಮಹತ್ತ್ವದ ಸಂಸ್ಥೆಗೋ ಉತ್ಸವಕ್ಕೋ ಚಿತ್ರವುಳ್ಳ ಲಕೋಟೆಯನ್ನೂ ವಿಶೇಷ ಮೊಹರನ್ನೂ ಬೆಂಗಳೂರಿನಲ್ಲಿರುವ ಕರ್ನಾಟಕ ಅಂಚೆ ವೃತ್ತದ ಕಛೇರಿಯೇ ಹೊರಡಿಸಬಲ್ಲದಾದ್ದರಿಂದ, ತಾಲ್ಲೂಕಿನ ಗ್ರಂಥಾಲಯಕ್ಕೂ ಶಾಲೆಗೂ ಇದು ಹೆಚ್ಚು ಸಾಧ್ಯವಾದ ಮಾರ್ಗ. ಮೂರನೆಯದಾದ ಮೈ ಸ್ಟಾಂಪ್ ಯೋಜನೆಯಲ್ಲಿ ಶುಲ್ಕ ಕೊಟ್ಟವರ ಚಿತ್ರವನ್ನು ಚೀಟಿಯ ಪಕ್ಕದಲ್ಲಿ ಮುದ್ರಿಸಿಕೊಡುತ್ತಾರೆ. ಅದು ಸಂತೋಷದ ವಸ್ತುವೇ ಹೊರತು ರಾಷ್ಟ್ರಗೌರವವಲ್ಲ. ಸಂಗ್ರಹದ ಕಾರ್ಡಿನಲ್ಲಿ ಈ ಮೂರರ ಭೇದವನ್ನು ಸ್ಪಷ್ಟವಾಗಿ ಬರೆಯದಿದ್ದರೆ ಮುಂದಿನವರಿಗೆ ಭ್ರಾಂತಿಯುಂಟಾಗುತ್ತದೆ.

ಸಂಗ್ರಹದ ಸಾರ್ಥಕ್ಯ

ಪುಸ್ತಕಗಳು ಬೀರುವಿನಲ್ಲಿ ಬೀಗ ಹಾಕಿಸಿಕೊಂಡು ಕೂಡುವುದಕ್ಕಲ್ಲ, ಜನರ ಉಪಯೋಗಕ್ಕಾಗಿ ಇವೆಯೆಂಬುದೇ ರಂಗನಾಥನ್ನರ ಚಿಂತನೆಯ ತಳಹದಿ. ಅವರ ಚೀಟಿಯನ್ನು ಇಟ್ಟುಕೊಂಡವನು ಆ ತತ್ತ್ವವನ್ನು ತನಗೂ ಅನ್ವಯಿಸಿಕೊಳ್ಳಬೇಡವೆ? ಕಾರ್ಡುಗಳ ನಕಲನ್ನು ಊರಿನ ಸಾರ್ವಜನಿಕ ಗ್ರಂಥಾಲಯಕ್ಕೆ ಕೊಡಿ. ಗ್ರಂಥಪಾಲಕರ ದಿನವಾದ ಆಗಸ್ಟ್ 12, ವಿಶ್ವೇಶ್ವರಯ್ಯನವರ ಜಯಂತಿಯಾದ ಸೆಪ್ಟೆಂಬರ್ 15, ಗ್ರಂಥಾಲಯ ಸಪ್ತಾಹ ನಡೆಯುವ ನವೆಂಬರ್ 14ರಿಂದ 20ರವರೆಗಿನ ದಿನಗಳು ಪ್ರದರ್ಶನಕ್ಕೆ ತಕ್ಕವು. ಮೂಲಚೀಟಿಗಳನ್ನು ಗಾಜಿನ ಪೆಟ್ಟಿಗೆಯೊಳಗೆ ಇಟ್ಟು, ದೊಡ್ಡದು ಮಾಡಿದ ಚಿತ್ರಗಳನ್ನು ಹೊರಗೆ ತೂಗುಹಾಕಿ, ಪ್ರತಿಯೊಂದರ ಕೆಳಗೂ ಅದರ ಕಾರ್ಡನ್ನು ದಪ್ಪ ಅಕ್ಷರಗಳಲ್ಲಿ ಬರೆದಿಡಿ. ಆ ಚೀಟಿಗೆ ಸಂಬಂಧಪಟ್ಟ ಪುಸ್ತಕ ಅದೇ ಗ್ರಂಥಾಲಯದಲ್ಲಿದ್ದರೆ, ಯಾವ ಬೀರುವಿನ ಯಾವ ಸಾಲಿನಲ್ಲಿದೆಯೆಂಬುದನ್ನೂ ಕಾರ್ಡಿನ ತುದಿಯಲ್ಲಿ ನಮೂದಿಸಿ, ನೋಡಲು ಬಂದವರು ಓದುಗರಾಗಿ ಹಿಂದಿರುಗುವುದಕ್ಕೆ ದಾರಿ ಮಾಡಿಕೊಡಿ.